ಎರೆ ನೆಲಕ್ಕೊಂದು ಬಿಗಿ, ಗರಸಿಗೊಂದು ಬಿಗಿ

ನನ್ನದು 1/10 ಅಳತೆಯ ರಿಮೋಟ್ ಟ್ರಕ್. ಶಾರ್ಟ್ ಕೋರ್ಸ್ (ಜಿಗಿತಗಳಿರುವ ಮಣ್ಣಿನ ಟ್ರ್ಯಾಕಿನ ರೇಸ್ ಟ್ರಕ್ಕಿನ ಮಾದರಿ) ಜಾತಿಯದು, ಬ್ರಶ್‌ಲೆಸ್ ಮೋಟಾರ್. ಮೋಟಾರಿನ ಶಕ್ತಿ ಹಿಂದಿನ ಎರಡು ಗಾಲಿಗೆ ಮಾತ್ರ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಇಂಥ ಟ್ರಕ್ ಇಟ್ಟುಕೊಂಡಿರುವ ನಾವು ಕೆಲವರು ಭಾನುವಾರ ಸೇರುತ್ತೇವೆ. ಹೊಸಬರು ಬಂದಾಗ ಕೇಳುವ ಮೊದಲ ಪ್ರಶ್ನೆ ಒಂದೇ. "ಅಣ್ಣಾರ, ಸ್ಲಿಪ್ಪರ್ ನಟ್ಟು ಎಷ್ಟ ಸುತ್ತು ಲೂಸ್ ಬಿಡಬೇಕ್ರಿ?" ಸ್ಲಿಪ್ಪರ್ ಅಂದರೆ ಹೊರೆ ಜಾಸ್ತಿಯಾದಾಗ ಜಾರಿ ಗೇರು ಉಳಿಸುವ ಕ್ಲಚ್ಚು, ಅದರ ಬಿಗಿ ಇರುವುದು ಒಂದು ನಟ್ಟಿನಲ್ಲಿ. ಸುತ್ತಿನ ಲೆಕ್ಕ ಶುರು ಮಾಡಲಿಕ್ಕೆ ಬೇಕು. ಆದರೆ ಅಲ್ಲಿಗೇ ನಿಂತರೆ ಆಗುವುದಿಲ್ಲ. ಆ ದಿನ ಟ್ರಕ್ ಓಡುವ ನೆಲ ಯಾವುದು ಅನ್ನುವುದೇ ಬಿಗಿಯನ್ನು ತೀರ್ಮಾನಿಸುತ್ತದೆ. ನಮ್ಮ ಕಡೆ ಇದು ಇನ್ನೂ ಜಾಸ್ತಿ ನಿಜ. ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಕಪ್ಪು ಎರೆ ಮಣ್ಣು. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪು ನೆಲ, ಸಣ್ಣ ಹರಳಿನ ಗರಸು. ಒಂದೇ ಟ್ರಕ್ಕು ಎರಡೂ ಕಡೆ ಒಂದೇ ಬಿಗಿಯಲ್ಲಿ ಚೆನ್ನಾಗಿ ಓಡುವುದಿಲ್ಲ.

ಮೊದಲು ಸ್ಲಿಪ್ಪರ್ ಏನು ಮಾಡುತ್ತದೆ ಅಂತ ನೋಡೋಣ. ಮೋಟಾರಿನ ಪಿನಿಯನ್ (ತುದಿಯ ಸಣ್ಣ ಹಲ್ಲುಗಾಲಿ) ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ಹಲ್ಲುಗಾಲಿಗೆ ಸ್ಪರ್ ಗೇರ್ ಅನ್ನುತ್ತೇವೆ. ಅದು ಶಾಫ್ಟಿಗೆ ಗಟ್ಟಿಯಾಗಿ ಕೂತಿಲ್ಲ. ಪ್ಯಾಡ್ ಅದನ್ನು ಒತ್ತಿ ಹಿಡಿದಿರುತ್ತದೆ. ಪ್ಯಾಡನ್ನು ಒತ್ತುವುದು ಒಂದು ಸ್ಪ್ರಿಂಗು, ಸ್ಪ್ರಿಂಗನ್ನು ಒತ್ತುವುದು ತುದಿಯ ನೈಲಾನ್ ಲಾಕ್ ನಟ್ಟು. ಹೊರೆ ಮಿತಿ ಮೀರಿದರೆ ಪ್ಯಾಡ್ ಜಾರುತ್ತದೆ, ಗೇರಿನ ಹಲ್ಲು ಉಳಿಯುತ್ತದೆ.

ಹೊರೆ ಅತಿ ಜಾಸ್ತಿ ಬೀಳುವುದು ಜಿಗಿತದಲ್ಲಿ. ಟ್ರಕ್ ಗಾಳಿಯಲ್ಲಿದ್ದಾಗ ಥ್ರಾಟಲ್ ಒತ್ತಿ ಹಿಡಿದರೆ ಹಿಂದಿನ ಗಾಲಿಗೆ ತಡೆಯೇ ಇಲ್ಲ, ಹುಚ್ಚು ವೇಗದಲ್ಲಿ ತಿರುಗುತ್ತವೆ. ನೆಲ ಮುಟ್ಟಿದ ಕೂಡಲೇ ನೆಲ ಅವನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಮೋಟಾರ್ ಇನ್ನೂ ತಿರುಗುತ್ತಲೇ ಇರುತ್ತದೆ. ಆ ಪೆಟ್ಟು ಡ್ರೈವ್ ಶಾಫ್ಟ್, ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ, ಚಿಕ್ಕದಾಗಿ ಡಿಫ್), ಗೇರ್ ಎಲ್ಲವನ್ನೂ ದಾಟಿ ಮೇಲಕ್ಕೆ ಬರುತ್ತದೆ. ಸ್ಲಿಪ್ಪರ್ ಕಲ್ಲಿನ ಹಾಗೆ ಬಿಗಿಯಾಗಿದ್ದರೆ ಇವುಗಳಲ್ಲಿ ಒಂದು ಹೋಗುವುದು ಖಾತ್ರಿ.

ಹಾಗಂತ ಸಡಿಲ ಬಿಟ್ಟರೆ ಕ್ಷೇಮ ಅಂತ ತಿಳಿಯಬೇಡಿ. ಸಡಿಲ ಸ್ಲಿಪ್ಪರ್ ಎಲ್ಲ ಹೊತ್ತೂ ಜಾರುತ್ತದೆ. ಜಾರಿದರೆ ತಿಕ್ಕಾಟ, ತಿಕ್ಕಾಟ ಅಂದರೆ ಬಿಸಿ. ಆ ಬಿಸಿಗೆ ಸ್ಪರ್ ಗೇರಿನ ನಡುಭಾಗ ಮೆತ್ತಗಾಗುತ್ತದೆ, ಪ್ಯಾಡ್ ಸುಟ್ಟ ವಾಸನೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಇದು ಆಗಲಿಕ್ಕೆ ಬಹಳ ಹೊತ್ತು ಬೇಕಾಗಿಲ್ಲ. ಮೋಟಾರ್ ಕಿರುಚುತ್ತಿದೆ, ಟ್ರಕ್ ಮಾತ್ರ ನಿಧಾನ ಹೊರಡುತ್ತಿದೆ ಅಂದರೆ ತಕ್ಷಣ ನಿಲ್ಲಿಸಿ.

ನಾನು ಮಾಡುವ ಕ್ರಮ ಹೀಗಿದೆ. ಮನೆಯಲ್ಲೇ, ಮೋಟಾರಿನ ವೈರ್ ಬಿಚ್ಚಿ ಶುರು ಮಾಡುತ್ತೇನೆ. 7 ಮಿ.ಮೀ. ಪಾನಾ ಹಾಕಿ, ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವವರೆಗೆ ನಟ್ ಬಿಗಿಯುತ್ತೇನೆ. ತಾಗಿದ ಮೇಲೆ ಒತ್ತಾಯ ಮಾಡುವುದಿಲ್ಲ. ಅಲ್ಲಿಂದ ಅರ್ಧದಿಂದ ಮುಕ್ಕಾಲು ಸುತ್ತು ಹಿಂದಕ್ಕೆ ಬಿಡುತ್ತೇನೆ. ನಿಮ್ಮ ಟ್ರಕ್ಕಿನ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ, ಸ್ಪ್ರಿಂಗು ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಆಮೇಲೆ ಹಿಂದಿನ ಎರಡೂ ಗಾಲಿಯನ್ನು ಅಲುಗದಂತೆ ಹಿಡಿದು, ಹೆಬ್ಬೆರಳಿನಿಂದ ಸ್ಪರ್ ಗೇರ್ ತಿರುಗಿಸಿ ನೋಡುತ್ತೇನೆ. ಸುಲಭಕ್ಕೆ ತಿರುಗಬಾರದು. ಜೋರು ಹಾಕಿದರೆ ಜಾರಬೇಕು. ಬಾಲ್ ಡಿಫ್ ಇರುವ ಟ್ರಕ್ಕಿನಲ್ಲಿ ಈ ಪರೀಕ್ಷೆ ಬಿಡಲೇಬಾರದು. ಅಲ್ಲಿ ಯಾವಾಗಲೂ ಡಿಫ್‌ಗಿಂತ ಮೊದಲು ಸ್ಲಿಪ್ಪರ್ ಜಾರಬೇಕು. ಡಿಫ್ ಮೊದಲು ಜಾರಿದರೆ ಅದರೊಳಗಿನ ಪುಟ್ಟ ಗುಂಡುಗಳೂ ರಿಂಗುಗಳೂ ಹಾಳಾಗುತ್ತವೆ, ಅದರ ರಿಪೇರಿ ಸ್ಲಿಪ್ಪರ್ ಪ್ಯಾಡಿನಷ್ಟು ಸುಲಭ ಅಲ್ಲ.

ಉಳಿದ ಕೆಲಸ ಮೈದಾನದಲ್ಲೇ ಆಗಬೇಕು, ಅದೂ ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ. ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದಾಗ 8.4 ವೋಲ್ಟ್ ಇರುತ್ತದೆ, ಓಡುತ್ತಾ ಇಳಿಯುತ್ತದೆ. ಇಳಿದ ಬ್ಯಾಟರಿಯಲ್ಲಿ ಸರಿ ಅನಿಸಿದ ಬಿಗಿ, ಹೊಸ ಬ್ಯಾಟರಿ ಹಾಕಿದ ಕೂಡಲೇ ಸಡಿಲ ಆಗಿರುತ್ತದೆ. ಮೂರು ಸೆಲ್ಲಿಗೆ ಹೋದರಂತೂ ಬಿಗಿ ಹೊಸದಾಗಿಯೇ ನೋಡಬೇಕು.

ನಿಂತ ಟ್ರಕ್ಕಿಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟು ಕಿವಿಗೊಡುತ್ತೇನೆ. ಹೊರಡುವಾಗ ಒಂದೆರಡು ಅಡಿ ದೂರ ಸಣ್ಣಗೆ 'ಕುಂಯ್' ಅನ್ನುವ ಸದ್ದು ಬರಬೇಕು. ಅದು ಸ್ಲಿಪ್ಪರ್ ಜಾರುವ ಸದ್ದು. ಆ ಸದ್ದು ಮುಂದೆಯೂ ಎಳೆದರೆ ಸಡಿಲ ಇದೆ. ಬರಲೇ ಇಲ್ಲ, ಮೂತಿ ಆಕಾಶಕ್ಕೆ ಎದ್ದು ಟ್ರಕ್ ಮಗುಚಿತು ಅಂದರೆ ಬಿಗಿ ಜಾಸ್ತಿ. ಮುಂದಿನ ಗಾಲಿ ನೆಲದಿಂದ ತುಸು ಹಗುರಾದರೆ ನನಗೆ ಸಾಕು. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಮೂತಿ ಏಳುವುದಕ್ಕೆ ಬ್ಯಾಟರಿ ಇಟ್ಟ ಜಾಗ, ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು ಇಂಥ ಬೇರೆ ಕಾರಣವೂ ಇರಬಹುದು. ಆ ಸದ್ದು ಮಾತ್ರ ಏನೋ ಜಾರುತ್ತಿದೆ ಅಂತ ನೇರ ಹೇಳುತ್ತದೆ; ಬಾಲ್ ಡಿಫ್ ಮೊದಲು ಜಾರುವುದಿಲ್ಲ ಅಂತ ಮನೆಯಲ್ಲೇ ನೋಡಿಕೊಂಡಿದ್ದರೆ ಅದು ಸ್ಲಿಪ್ಪರಿನದೇ.

ಇನ್ನು ನೆಲದ ಮಾತು. ನವಲಗುಂದದ ಕಡೆ ಗೆಳೆಯನ ಹೊಲ ಇದೆ. ಅವರ ಮನೆಯಲ್ಲಿ ಇಂದಿಗೂ ಕಣ ಮಾಡುತ್ತಾರೆ. ಹಿಂಗಾರಿ ಕಡಲೆ ಒಕ್ಕಿ ಮುಗಿದ ಮೇಲೆ ಆ ಕಣ ಖಾಲಿ. ನೀರು ಹಾಕಿ ಒತ್ತಿ ಒಣಗಿಸಿದ ಎರೆ ಮಣ್ಣು, ಟೈರಿಗೆ ಅದ್ಭುತ ಹಿಡಿತ ಕೊಡುತ್ತದೆ. ಅಲ್ಲಿ ಟೈರ್ ಜಾರುವುದೇ ಇಲ್ಲ, ಹೊರೆ ಪೂರ್ತಿ ಪ್ಯಾಡಿನ ಮೇಲೆ ಬಿದ್ದು ಅದೇ ಜಾರುತ್ತದೆ. ಆದ್ದರಿಂದ ನಟ್ಟನ್ನು ಮನೆಯ ಬಿಗಿಗಿಂತ ತುಸು ಬಿಗಿ ಮಾಡುತ್ತೇನೆ, ಒಂದು ಸಲಕ್ಕೆ ಕಾಲು ಸುತ್ತಿನ ಅರ್ಧದಷ್ಟು. ಮೂತಿ ಏಳಲು ಶುರುವಾದ ಕೂಡಲೇ ಅಷ್ಟೇ ಹಿಂದಕ್ಕೆ.

ಧಾರವಾಡದ ಆಚೆಯ ಗರಸಿನಲ್ಲಿ ಇದು ತಲೆಕೆಳಗು. ಸಣ್ಣ ಹರಳಿನ ಮೇಲೆ ಟೈರು ಮೊದಲು ಜಾರುತ್ತದೆ, ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ನಟ್ ಸ್ವಲ್ಪ ಸಡಿಲಿಸುತ್ತೇನೆ. ಟೈರ್ ಜಾರುವ ಮೊದಲು ಪ್ಯಾಡ್ ಜಾರಿದರೆ ಶಕ್ತಿ ಮೆಲ್ಲಗೆ ಗಾಲಿಗೆ ಹೋಗುತ್ತದೆ, ಟ್ರಕ್ ನೇರ ಹೊರಡುತ್ತದೆ. ತಿರುವಿನಿಂದ ಹೊರಬರುವಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ನನಗೆ ಗರಸೇ ಹೆಚ್ಚು ಇಷ್ಟ. ಓಡಿಸುವವನ ಬೆರಳಿಗೆ ಅಲ್ಲಿ ಕೆಲಸ ಇದೆ.

ಮಳೆಗಾಲದಲ್ಲಿ ಎರೆ ನೆಲಕ್ಕೆ ಹೋಗುವುದೇ ಇಲ್ಲ. ಹಸಿ ಎರೆ ಗಾಲಿಗೆ ಮೆತ್ತಿ ಮೆತ್ತಿ ಭಾರ ಏರುತ್ತಾ ಹೋಗುತ್ತದೆ. ಆ ಭಾರ ಎಳೆಯಲಾರದೆ ಸ್ಲಿಪ್ಪರ್ ಸುಡುತ್ತದೆ. ಬಿಗಿ ಮಾಡಿದರೆ ಮೋಟಾರ್ ಸುಡುತ್ತದೆ. ಗರಸು ನೀರು ಬಸಿದುಕೊಳ್ಳುತ್ತದೆ, ಮಳೆ ಬಿಟ್ಟ ಸ್ವಲ್ಪ ಹೊತ್ತಿಗೆ ಓಡಿಸಬಹುದು.

ಹೊಸ ಪ್ಯಾಡ್ ಹಾಕಿದ ದಿನ ಮೊದಲ ಕೆಲವು ನಿಮಿಷ ಮೆತ್ತಗೆ ಓಡಿಸಿ ಮತ್ತೆ ಬಿಗಿ ನೋಡಿ. ಪ್ಯಾಡ್ ಕೂತುಕೊಂಡ ಮೇಲೆ ಹಿಡಿತ ಬದಲಾಗುತ್ತದೆ. ಹಳೆಯ ಪ್ಯಾಡ್ ಗಾಜಿನಂತೆ ಮಿನುಗುತ್ತಿದ್ದರೆ ನಟ್ ಎಷ್ಟು ಬಿಗಿದರೂ ಉಪಯೋಗ ಇಲ್ಲ, ಬಿಚ್ಚಿ ನಯವಾದ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ತಿಕ್ಕಿ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಪ್ಯಾಡ್, ಅದಕ್ಕೆ ತಾಗುವ ಪ್ಲೇಟ್ ಎರಡನ್ನೂ ಒರೆಸಿ. ಎಣ್ಣೆ, ಗ್ರೀಸ್ ಒಂದು ಹನಿಯೂ ತಾಗಬಾರದು. ಇದಕ್ಕಾಗಿ ಗೇರಿನ ಕವರ್ ತೆಗೆದಾಗಲೇ ಪಿನಿಯನ್ನಿಗೂ ಸ್ಪರ್‌ಗೂ ನಡುವೆ ತೆಳು ಕಾಗದದ ಪಟ್ಟಿ ತೂರಿಸಿ ಹಲ್ಲಿನ ಅಂತರವನ್ನೂ ನೋಡಿಕೊಳ್ಳಿ. ಲಾಕ್ ನಟ್ ಬರಿ ಬೆರಳಿಗೆ ತಿರುಗಿದರೆ ಒಳಗಿನ ನೈಲಾನ್ ಸವೆದಿದೆ ಅಂತ ಅರ್ಥ. ಓಡುವಾಗಿನ ನಡುಕಕ್ಕೆ ಅದು ತಾನೇ ಬಿಚ್ಚುತ್ತಾ ಹೋಗುತ್ತದೆ. ಬೇರೆ ನಟ್ ಹಾಕಿ, ಮತ್ತೆ ಸ್ಪ್ರಿಂಗ್ ಸುರುಳಿ ತಾಗುವಲ್ಲಿಂದ ಶುರು ಮಾಡಿ.