‘ನೀ’ ಎಂಬ ಒಂದಕ್ಷರದ ಬೆನ್ನು ಹತ್ತಿ

ಅನುವಾದದ ಕೆಲಸಕ್ಕೆ ಒದಗೀತೆಂದು ಮ್ಯಾಂಡರಿನ್ ಚೀನೀ ಭಾಷೆಯನ್ನು ಕಲಿಯಲು ಕುಳಿತ ಮೊದಲ ದಿನ ನನ್ನ ಕಿವಿಗೆ ಬಿದ್ದ ಮೊದಲ ಮಾತು ‘ನೀ ಹಾವ್’. ಎದುರಾದವರಿಗೆ ನಮಸ್ಕಾರವೆಂದು ಹೇಳುವ ಮಾತು ನನಗೆ ಬೈಗುಳದಂತೆ ಕೇಳಿಸಿ ನಗು ತಡೆಯಲಾಗಲಿಲ್ಲ. ‘ಹಾವ್’ ಎಂದರೆ ಒಳ್ಳೆಯದು, ‘ನೀ’ ಎಂದರೆ ನೀನು ಎಂದು ಕಲಿಸುವವರು ಬಿಡಿಸಿ ಹೇಳಿದಾಗ ನಗು ನಿಂತು ಬೆರಗು ಶುರುವಾಯಿತು. ಮರುವಾರ ಬಹುವಚನದ ಪಾಠ ಬಂತು: ‘ನೀವು’ ಎನ್ನುವುದಕ್ಕೆ ಅವರಲ್ಲಿ ‘ನೀಮನ್’. ಹಳಗನ್ನಡದಲ್ಲಿ ಏಕವಚನ ‘ನೀನ್’, ಬಹುವಚನ ‘ನೀಮ್’ ಎಂದು ಬಲ್ಲ ನನಗೆ ಇನ್ನೇನು ಬೇಕಿತ್ತು? ಕನ್ನಡಕ್ಕೂ ಚೀನೀ ಭಾಷೆಗೂ ಪುರಾತನ ನಂಟಿದೆ ಎಂದು ಸಾಧಿಸುವ ಎಂಟು ಪುಟಗಳ ಲೇಖನವನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿ, ಭಾಷಾವಿಜ್ಞಾನ ಓದಿಕೊಂಡಿದ್ದ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಅದನ್ನು ಹಿಂದಿರುಗಿಸಿದಾಗ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಸಾಲಿತ್ತು: ‘ಸಾವಿರದೈನೂರು ವರ್ಷಗಳ ಹಿಂದೆ ಇವೆರಡೂ ಪದಗಳು ಹೇಗಿದ್ದವು?’

ಆ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ಹವ್ಯಾಸವಾಯಿತು. ಒಂದೊಂದು ಭಾಷೆಯ ‘ನೀ’ಗೂ ಒಂದೊಂದು ಚೀಟಿ ಮಾಡಿ, ಅದರ ಮೇಲೆ ಇಂದಿನ ಅರ್ಥವನ್ನು ಬರೆಯುವ ಮೊದಲು ಆ ಪದದ ಅತ್ಯಂತ ಹಳೆಯ ರೂಪವನ್ನೂ ಒಡಹುಟ್ಟಿದ ಭಾಷೆಗಳಲ್ಲಿ ಅದಕ್ಕಿರುವ ರೂಪಗಳನ್ನೂ ಬರೆಯಬೇಕೆಂದು ನಿಯಮ ಹಾಕಿಕೊಂಡೆ. ಇವೆರಡೂ ಸಿಗದಿದ್ದರೆ ಚೀಟಿ ಖಾಲಿಯೇ ಉಳಿಯಬೇಕು. ಇಷ್ಟು ಮಾಡಿದ ಮೇಲೆ ನನ್ನ ಎಂಟು ಪುಟಗಳು ನಿಲ್ಲಲಿಲ್ಲ.

ಮನೆಯ ಪದದಿಂದಲೇ ಆರಂಭಿಸಿದೆ. ಬರೋ ಮತ್ತು ಎಮೆನೊ ಸಿದ್ಧಪಡಿಸಿ 1961ರಲ್ಲಿ ಹೊರತಂದ, 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿ ಕೋಶವನ್ನು ತೆರೆದರೆ ತಮಿಳು ಮತ್ತು ಮಲಯಾಳದ ‘ನೀ’, ಕನ್ನಡದ ‘ನೀನು’, ತೆಲುಗಿನ ‘ನೀವು’, ಉತ್ತರದ ಕುರುಖ್ ಭಾಷೆಯ ‘ನೀನ್’, ಬಲೂಚಿಸ್ತಾನದ ಬ್ರಾಹುಯಿ ಭಾಷೆಯ ‘ನೀ’ ಎಲ್ಲವೂ ಒಂದೇ ಕುಟುಂಬದವರಂತೆ ಕಾಣುತ್ತವೆ. ನನ್ನನ್ನು ತಡೆದು ನಿಲ್ಲಿಸಿದ್ದು ತುಳು. ಮಂಗಳೂರಿನ ಗೆಳೆಯ ‘ಈ ಓಡೆ ಪೋಪ’ ಎಂದು ಕೇಳುವಾಗ ಆ ‘ಈ’ ಎಂದರೆ ನೀನು. ನಕಾರದ ಸುಳಿವೇ ಇಲ್ಲ. ಆದರೆ ಅವನೇ ಹೆಸರು ಕೇಳುವಾಗ ‘ನಿನ್ನ ಪುದರ್ ದಾದ’ ಎನ್ನುತ್ತಾನೆ. ಪ್ರಥಮಾ ವಿಭಕ್ತಿಯಲ್ಲಿ ಕಳೆದುಹೋದ ನಕಾರ ಷಷ್ಠಿಯಲ್ಲಿ ಭದ್ರವಾಗಿ ಉಳಿದಿದೆ. ಕಿವಿಗೆ ಹೊಂದದ ‘ಈ’ ನಮ್ಮ ‘ನೀ’ಗೆ ಸ್ವಂತ ಒಡಹುಟ್ಟು ಎಂಬುದು ಹೀಗೆ ಖಚಿತವಾಗುತ್ತದೆ. ಬ್ರಾಹುಯಿಯಲ್ಲೂ ‘ಈ’ ಇದೆ. ಅಲ್ಲಿ ಅದರ ಅರ್ಥ ‘ನಾನು’!

ಇನ್ನು ಚೀನೀ ಚೀಟಿ. ಇಂದಿನ ‘ನೀ’ ಪ್ರಾಚೀನ ಚೀನೀ ಗ್ರಂಥಗಳಲ್ಲಿ ಬರುವ ಮಧ್ಯಮ ಪುರುಷ ಪದವೊಂದರ ಆಡುಮಾತಿನ ರೂಪ. ಅದೇ ಪದದ ಗ್ರಾಂಥಿಕ ಉಚ್ಚಾರಣೆ ಈಗ ‘ಅರ್’ ಎಂದಾಗಿದೆ. ಒಂದೇ ಪದ ‘ನೀ’ಯೂ ‘ಅರ್’ ಕೂಡ ಹೇಗಾದೀತು ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಮಧ್ಯಕಾಲದ ಚೀನೀ ಭಾಷೆಯಲ್ಲಿ ‘ನ್ಯ’ಕಾರದಿಂದ ಆರಂಭವಾಗುತ್ತಿದ್ದ ಪದಗಳು ಉತ್ತರದ ನುಡಿಯಲ್ಲಿ ಸಾಲಾಗಿ ರಕಾರದ ಕಡೆಗೆ ವಾಲಿದವು ಎಂಬುದೇ ಅದಕ್ಕೆ ಉತ್ತರ. ಸೂರ್ಯ ಎಂಬ ಅರ್ಥದ ಪದ ಚೀನಾದಲ್ಲಿ ಇಂದು ರಕಾರದಿಂದ ಆರಂಭವಾಗುತ್ತದೆ. ಆ ಬದಲಾವಣೆಗೆ ಮೊದಲೇ ಅದನ್ನು ಎರವಲು ಪಡೆದ ಜಪಾನೀಯರು ತಮ್ಮ ದೇಶವನ್ನು ಇಂದಿಗೂ ‘ನಿಹೋನ್’ ಎಂದೇ ಕರೆಯುತ್ತಾರೆ. ಜಪಾನೀ ಭಾಷೆಯಲ್ಲಿ ‘ಎರಡು’ ಎಂಬ ಅರ್ಥದ ‘ನಿ’ ಮತ್ತು ಮ್ಯಾಂಡರಿನ್‌ನಲ್ಲಿ ಎರಡು ಎಂಬ ಅರ್ಥದ ‘ಅರ್’ ಒಂದೇ ಪದದ ಎರಡು ಮುಖಗಳು. ನನ್ನನ್ನು ಮರುಳು ಮಾಡಿದ್ದ ‘ನೀಮನ್’ ಇನ್ನೂ ಸುಲಭವಾಗಿ ಬಿದ್ದುಹೋಯಿತು. ಅದರ ‘ಮನ್’ ಟಾಂಗ್ ಮತ್ತು ಸಾಂಗ್ ಅರಸರ ಕಾಲದಲ್ಲಿ ಬಳಕೆಗೆ ಬಂದ ಪ್ರತ್ಯಯವಾಗಿದ್ದು, ನಾವು, ಅವರು ಎಂಬ ಸರ್ವನಾಮಗಳಿಗೂ ಮೇಷ್ಟ್ರುಗಳು, ಮಕ್ಕಳು ಎಂಬಂಥ ನಾಮಪದಗಳಿಗೂ ಅಂಟುತ್ತದೆ. ನಮ್ಮ ‘ನೀಮ್’ನ ಮಕಾರವಾದರೋ ಮೂಲ ದ್ರಾವಿಡದಿಂದಲೇ ಬಂದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಚೀನೀ ‘ನೀ’ಯಲ್ಲಿ ತಗ್ಗಿ ಏಳುವ ಸ್ವರಭಾರವಿದೆ. ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡ ಕ್ಷಣದಲ್ಲೇ ನಾನು ಅರ್ಧ ಮೋಸಹೋಗಿದ್ದೆ.

ಉಳಿದ ಚೀಟಿಗಳು ತುಂಬುತ್ತಾ ಬಂದಂತೆ ಚಿತ್ರ ಇನ್ನಷ್ಟು ವಿಚಿತ್ರವಾಯಿತು. ಅಮೆರಿಕದ ನವಾಹೋ ಜನರಿಗೂ ‘ನಿ’ ಎಂದರೆ ನೀನು. ಆದರೆ ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯಲ್ಲಿ ಅದು ‘ನಾನು’. ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ‘ನಿಕೋಚಿ’ ಎಂದರೆ ನಾನು ಮಲಗುತ್ತೇನೆ, ಸ್ವಾಹಿಲಿಯಲ್ಲಿ ‘ನಿನಸೋಮ’ ಎಂದರೆ ನಾನು ಓದುತ್ತಿದ್ದೇನೆ. ಎರಡರಲ್ಲೂ ಮೊದಲ ‘ನಿ’ ಉತ್ತಮ ಪುರುಷದ್ದು. ವೆಲ್ಷ್ ಭಾಷೆಯಲ್ಲಿ ‘ನಿ’ ಎಂದರೆ ನಾವು, ಬರ್ಮೀಸ್ ಭಾಷೆಯಲ್ಲಿ ಕೆಂಪು. ಕಿವಿಯ ಸಾಕ್ಷಿಯನ್ನು ನಂಬುವುದಾದರೆ ನಾನು, ನೀನು, ನಾವು ಎಲ್ಲರೂ ಒಬ್ಬರೇ ಎಂಬ ಅದ್ವೈತಕ್ಕೆ ಬಂದು ನಿಲ್ಲಬೇಕಾಗುತ್ತಿತ್ತು. ನಕಾರವಾಗಲೀ ಇಕಾರವಾಗಲೀ ಇಲ್ಲದ ಭಾಷೆ ಅಪರೂಪ. ಸರ್ವನಾಮಗಳೋ ದಿನಕ್ಕೆ ನೂರು ಸಲ ಬಾಯಲ್ಲಿ ಸವೆದು ಒಂದೆರಡು ಧ್ವನಿಗಳಿಗೆ ಇಳಿದಿರುತ್ತವೆ. ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ ಇಂಥ ಡಿಕ್ಕಿಗಳು ಆಗದಿದ್ದರೇ ಆಶ್ಚರ್ಯಪಡಬೇಕಿತ್ತು.

ನಿಜವಾದ ನಂಟು ಸಿಕ್ಕಿದ್ದು ನಾನು ಹುಡುಕದ ಕಡೆಯಲ್ಲಿ. ಡೇನಿಷ್ ಭಾಷೆಯಲ್ಲಿ ‘ನಿ’ ಎಂದರೆ ಒಂಬತ್ತು; ಅದಕ್ಕೂ ಸಂಸ್ಕೃತದ ‘ನವ’ಕ್ಕೂ ಮೂಲ ಒಂದೇ. ಹಾಗಾಗಿ ನಮ್ಮ ನವಮಿ, ನವರಾತ್ರಿಗಳಿಗೆ ಸಂಬಂಧಪಟ್ಟ ‘ನಿ’ ಕೋಪನ್‌ಹೇಗನ್ನಿನಲ್ಲಿದೆ. ಇದೇ ದಾರಿಯಲ್ಲಿ ಗ್ರೀಕರ ‘ನೆರೋ’ ಕೂಡ ಎದುರಾಯಿತು. ಅದರ ಅರ್ಥ ನೀರು ಎಂದು ತಿಳಿದಾಗ ಯಾವ ಕನ್ನಡಿಗನ ಎದೆಯೂ ಒಮ್ಮೆ ಉಬ್ಬುತ್ತದೆ. ಆದರೆ ಅದು ‘ಹೊಸದಾಗಿ ಸೇದಿದ ನೀರು’ ಎಂಬಂಥ ಹಳೆಯ ಗ್ರೀಕ್ ನುಡಿಗಟ್ಟಿನಲ್ಲಿ ‘ತಾಜಾ’ ಎಂಬ ಅರ್ಥ ಕೊಡುತ್ತಿದ್ದ ಗುಣವಾಚಕದ ಅವಶೇಷ. ಅದರ ನಂಟು ‘ಹೊಸದು’ ಎಂಬ ಅರ್ಥದ ‘ನವ’ದೊಡನೆ. ಅಷ್ಟು ದೂರವೂ ಹೋಗಬೇಕಾಗಿಲ್ಲ, ಕನ್ನಡದೊಳಗೇ ‘ನೀತಿ’ಯ ‘ನೀ’ ಕೊಂಡೊಯ್ಯು ಎಂಬ ಅರ್ಥದ ಸಂಸ್ಕೃತ ಧಾತು. ನಾಯಕ, ವಿನಯಗಳು ಅದರ ಬಳಗ. ‘ನೀನು’ವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಚೀಟಿ ಸ್ವೀಡಿಷ್ ಭಾಷೆಯದು. ಅಲ್ಲಿ ‘ನಿ’ ಎಂದರೆ ನೀವು. ಹಳೆಯ ಸ್ವೀಡಿಷ್‌ನಲ್ಲಿ ಆ ಸರ್ವನಾಮ ಬರಿಯ ‘ಈ’ ಆಗಿತ್ತು. ಅದರ ಹಿಂದೆ ಬರುವ ಕ್ರಿಯಾಪದ ನಕಾರದಲ್ಲಿ ಮುಗಿಯುತ್ತಿತ್ತು. ‘ಹಾವೆನ್ ಈ’, ಅಂದರೆ ‘ನಿಮ್ಮಲ್ಲಿದೆಯೇ’, ಎಂದು ಬೇಗಬೇಗ ಕೇಳುವಾಗ ಕ್ರಿಯಾಪದದ ಕೊನೆಯ ನಕಾರ ಮುಂದಿನ ‘ಈ’ಗೆ ಅಂಟಿಕೊಂಡಿತು; ಕೇಳಿದವರು ಪದವನ್ನು ತಪ್ಪಾದ ಜಾಗದಲ್ಲಿ ಕತ್ತರಿಸಿ ‘ನಿ’ ಎಂಬ ಹೊಸ ಸರ್ವನಾಮವನ್ನು ಪಡೆದರು. ತುಳುವರು ‘ನೀ’ಯಲ್ಲಿ ನಕಾರ ಬಿಟ್ಟು ‘ಈ’ ಉಳಿಸಿಕೊಂಡರೆ, ಸ್ವೀಡನ್ನಿನವರು ‘ಈ’ಗೆ ನಕಾರ ಹಚ್ಚಿ ‘ನಿ’ ಮಾಡಿಕೊಂಡರು. ಆದರೂ ಆ ‘ನಿ’ ನಮ್ಮ ‘ನೀವು’ವಿನಂತೆ ಗೌರವದ ಪಟ್ಟಕ್ಕೆ ಸರಿಯಾಗಿ ಏರಲೇ ಇಲ್ಲ, ಹುದ್ದೆ, ಬಿರುದು ಇಲ್ಲದವರನ್ನು ಕರೆಯುವ ಪದವೆಂಬ ಕಹಿ ಅದಕ್ಕೆ ಅಂಟಿಕೊಂಡಿತ್ತು. 1967ರಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಮಂಡಳಿಗೆ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ತಮ್ಮ ನೌಕರರೆಲ್ಲರನ್ನೂ ‘ಡು’, ಅಂದರೆ ‘ನೀನು’ ಎಂದೇ ಕರೆಯುವುದಾಗಿ ಸಾರಿದರು. ಆ ಹೊತ್ತಿಗೆ ಹಬ್ಬುತ್ತಿದ್ದ ಏಕವಚನ ಇಂದು ಅಲ್ಲಿ ಎಲ್ಲರಿಗೂ ಸಲ್ಲುತ್ತದೆ. ನಮ್ಮ ಕಚೇರಿಗಳಲ್ಲಿ ಯಾರಾದರೂ ಇದನ್ನು ಪ್ರಯತ್ನಿಸಿದರೆ ಏನಾದೀತೆಂದು ಊಹಿಸಿಕೊಳ್ಳಲು ನನಗೆ ಧೈರ್ಯವಿಲ್ಲ.

ಚೀಟಿಗಳನ್ನು ಈಗ ಅರ್ಥದಿಂದಲೂ ಧ್ವನಿಯಿಂದಲೂ ಜೋಡಿಸುವುದನ್ನು ಬಿಟ್ಟಿದ್ದೇನೆ. ತುಳುವಿನ ‘ಈ’ ಕನ್ನಡದ ಕಟ್ಟಿನಲ್ಲಿದೆ, ಡೇನಿಷ್ ‘ನಿ’ ನವಮಿಯ ಕಟ್ಟಿನಲ್ಲಿದೆ, ಚೀನೀ ‘ನೀ’ ತನ್ನ ‘ಅರ್’ ಜೊತೆಗಿದೆ. ಹಳೆಯ ಲೇಖನದ ಎಂಟು ಹಾಳೆಗಳ ಹಿಂಬದಿ ಖಾಲಿಯಿದ್ದುದರಿಂದ ಅವನ್ನೇ ಕತ್ತರಿಸಿ ಚೀಟಿ ಮಾಡಿಕೊಂಡಿದ್ದೆ. ಸ್ವೀಡಿಷ್ ಚೀಟಿಯನ್ನು ತಿರುಗಿಸಿದರೆ ‘ಇವೆರಡರ ನಂಟು ನಿಸ್ಸಂದೇಹವಾದುದು’ ಎಂಬ ನನ್ನದೇ ಅಕ್ಷರದ ಸಾಲು ಇನ್ನೂ ಕಾಣುತ್ತದೆ.