ಹೋಂಸ್ಟೇ, ಕಾಫಿ ವ್ಯಾಪಾರದ ಇಮೇಲ್: ಯಾರ ಕೈಗೆ ಕೊಡಬೇಕು?

ಗೋಣಿಕೊಪ್ಪದಿಂದ ಕುಶಾಲನಗರದವರೆಗೆ ಹೋಂಸ್ಟೇ, ಕಾಫಿಪುಡಿ, ಜೇನು ಅಂಗಡಿಗಳ ವಿಸಿಟಿಂಗ್ ಕಾರ್ಡ್ ನೋಡಿದರೆ ಜಾಸ್ತಿ ಕಾಣುವುದು ಜಿಮೇಲ್ ವಿಳಾಸವೇ. ಮಾಲೀಕರೇ ಎಲ್ಲ ನೋಡಿಕೊಳ್ಳುವಷ್ಟು ದಿನ ತೊಂದರೆಯಿಲ್ಲ. ಬುಕಿಂಗ್ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟಾಗ ಗೊತ್ತಾಗುತ್ತದೆ: ಪಾಸ್‌ವರ್ಡ್ ಅವನ ಹತ್ತಿರ, ಓಟಿಪಿ ಬರುವುದೂ ಅವನ ಮೊಬೈಲಿಗೆ.

ಸ್ವಂತ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ನಿಮ್ಮದೇ ಹೆಸರು) ತೆಗೆದುಕೊಂಡು, ಅದರ ಇಮೇಲ್ ನಡೆಸುವ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸುವುದು ಇದಕ್ಕೆ ದಾರಿ. ಆಫೀಸಿನಲ್ಲೇ ಸರ್ವರ್ ಇಟ್ಟುಕೊಳ್ಳುವ ಯೋಚನೆ ಮಾತ್ರ ಬೇಡ. ಜುಲೈ ಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಬರುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತಲ್ವಾ.

ಮೊದಲು ಡೊಮೇನ್ ನಿಮ್ಮ ಹೆಸರಿಗೆ

ಡೊಮೇನ್ ಅಂದರೆ ತೋಟದ ಪಹಣಿ ಇದ್ದ ಹಾಗೆ. ವೆಬ್‌ಸೈಟ್ ಮಾಡಿಕೊಟ್ಟವರು ಅದನ್ನು ತಮ್ಮದೇ ಹೆಸರಿನಲ್ಲಿ ಕೊಂಡಿರುವುದು ತುಂಬಾ ಕಡೆ ಇದೆ. ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಖಾತೆಯ ಲಾಗಿನ್ ಕೇಳಿ ಪಡೆಯಿರಿ. ಆ ಖಾತೆಗೆ ಅದೇ ಡೊಮೇನ್‌ನ ಇಮೇಲ್ ಕೊಡಬೇಡಿ, ಬೇರೆ ವಿಳಾಸ ಕೊಡಿ. ನವೀಕರಣ ತಪ್ಪಿ ಡೊಮೇನ್ ನಿಂತರೆ, ಅದರ ಎಚ್ಚರಿಕೆಯ ಇಮೇಲ್ ಕೂಡ ನಿಂತ ಡಬ್ಬಿಗೇ ಹೋಗುತ್ತದೆ.

ಎಷ್ಟು ಮೇಲ್‌ಬಾಕ್ಸ್ ಬೇಕು?

ಹೆಚ್ಚಿನ ಕಂಪನಿಗಳು ತಲೆಗೆ ಇಷ್ಟು ಅಂತ ದುಡ್ಡು ಕೇಳುತ್ತವೆ. ಹಾಗಾಗಿ ಜನರನ್ನು ಎಣಿಸಿ, ವಿಳಾಸಗಳನ್ನಲ್ಲ. ಬುಕಿಂಗ್, ಅಕೌಂಟ್ಸ್, ಇನ್ಫೋ ಇಂಥ ವಿಳಾಸಗಳಿಗೆ ಬೇರೆ ಮೇಲ್‌ಬಾಕ್ಸ್ ಕೊಳ್ಳುವುದು ಸುಮ್ನೆ ಖರ್ಚು. ಅಲಿಯಾಸ್ (ಇರುವ ಮೇಲ್‌ಬಾಕ್ಸಿಗೇ ಇನ್ನೊಂದು ವಿಳಾಸ) ಅಥವಾ ಗ್ರೂಪ್ (ಒಂದೇ ವಿಳಾಸದ ಮೇಲ್ ಹಲವರಿಗೆ) ಮಾಡಿದರೆ ಸಾಕು. ಬೆಲೆಯ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗದೆ ಎರಡನೇ ವರ್ಷದ ದರ ಕೇಳಿ.

ಯಾರು ಯಾರಿದ್ದಾರೆ

ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಚೆನ್ನೈನ ಜೋಹೊ ಮೇಲ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ವೆಬ್ ಹೋಸ್ಟಿಂಗ್ ಜೊತೆ ‘ಫ್ರೀ’ ಬರುವ ಇಮೇಲ್ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಅಲ್ಲಿ ಒಂದೇ ಸರ್ವರನ್ನು ಎಷ್ಟೋ ಗಿರಾಕಿಗಳು ಹಂಚಿಕೊಂಡಿರುತ್ತಾರೆ. ಅವರಲ್ಲಿ ಒಬ್ಬ ಸ್ಪ್ಯಾಮ್ ಕಳಿಸಿದರೂ ನಿಮ್ಮ ಕೊಟೇಷನ್ ಗಿರಾಕಿಯ ಸ್ಪ್ಯಾಮ್ ಫೋಲ್ಡರ್ ಸೇರಬಹುದು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಡೊಮೇನ್‌ಗೆ ಹಾಕುವ ಮೂರು ಸೆಟ್ಟಿಂಗ್ ಇವೆ. ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂದಿದೆಯಾ ಅಂತ ಪಡೆಯುವ ಕಡೆಯ ಸರ್ವರಿಗೆ ಇವುಗಳಿಂದ ತಿಳಿಯುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ಟ್ರಯಲ್ ಖಾತೆ ತೆಗೆದು, ಇವನ್ನು ಹೊಂದಿಸಿಕೊಡಲು ಕಂಪನಿಗೆ ಹೇಳಿ. ಆಮೇಲೆ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ. ಮೂರರ ಮುಂದೆಯೂ ‘ಪಾಸ್’ ಇರಬೇಕು. ಇಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ. ಅದನ್ನೂ ಶನಿವಾರ ಸಂಜೆಯೇ ಮಾಡಿ. ನಿಮ್ಮ ಗಿರಾಕಿಗಳು ಬರುವುದೇ ವಾರಾಂತ್ಯಕ್ಕೆ, ಆಗ ಫೋನ್ ಎತ್ತುವವರೇ ಬೇಕು.

ಶೇ 99.9 ಅಪ್‌ಟೈಮ್ ಅಂತ ಜಾಹೀರಾತಿನಲ್ಲಿ ಇರುತ್ತದೆ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 43 ನಿಮಿಷ ಸೇವೆ ನಿಲ್ಲಬಹುದು ಅಂತ ಅರ್ಥ. ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ನಮ್ಮದೇ ನೆಟ್. ಹಾಗಾಗಿ ಮೊಬೈಲ್ ಆ್ಯಪ್ ಇದೆಯಾ, ನೆಟ್ ಇಲ್ಲದಾಗಲೂ ಹಳೆಯ ಮೇಲ್ ಓದಬಹುದಾ ನೋಡಿ. ಮೇಲ್ ಸರ್ವರಿನಲ್ಲೇ ಉಳಿದು ಮೊಬೈಲ್, ಕಂಪ್ಯೂಟರ್ ಎರಡರಲ್ಲೂ ಕಾಣುವ ಐಮ್ಯಾಪ್ ಸೌಲಭ್ಯ ಇರಲೇಬೇಕು. ಹಳೆಯ ಪಾಪ್ ಪದ್ಧತಿಯಲ್ಲಿ ಮೇಲ್ ಸಾಮಾನ್ಯವಾಗಿ ಕಂಪ್ಯೂಟರಿಗೆ ಇಳಿದು ಸರ್ವರಿನಿಂದ ಅಳಿದುಹೋಗುತ್ತದೆ. ಲ್ಯಾಪ್‌ಟಾಪ್ ಕೆಟ್ಟರೆ ಮೇಲ್‌ಗಳೂ ಹೋದವು ಅಂತಲೇ.

ಕಳ್ಳರ ದಾರಿ

ಕಾಫಿ, ಮೆಣಸು ಮಾರುವವರು ಇದನ್ನು ನಿಧಾನವಾಗಿ ಓದಿ. ಕಳ್ಳ ನಿಮ್ಮ ಮೇಲ್‌ಬಾಕ್ಸಿಗೆ ನುಗ್ಗಿ ಸದ್ದಿಲ್ಲದೆ ಕಾಯುತ್ತಾನೆ. ಇನ್‌ವಾಯ್ಸ್ ಹೋಗುವ ಹೊತ್ತಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಖರೀದಿದಾರನಿಗೆ ನಿಮ್ಮ ಹೆಸರಿನಲ್ಲೇ ಬರೆಯುತ್ತಾನೆ. ಎರಡು ಹಂತದ ಲಾಗಿನ್ ಅನ್ನು ಎಲ್ಲರಿಗೂ ಕಡ್ಡಾಯ ಮಾಡುವ, ಹೊರಗಿನ ವಿಳಾಸಕ್ಕೆ ಆಟೋ ಫಾರ್ವರ್ಡ್ ತಡೆಯುವ ಸೌಲಭ್ಯ ನೀವು ಕೊಳ್ಳುವ ಪ್ಲಾನ್‌ನಲ್ಲೇ ಇದೆಯಾ ಕೇಳಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬದಲಾಯಿಸುವ ಹೊತ್ತು

ಮುಂದೆ ಕಂಪನಿ ಬಿಡಬೇಕಾದರೆ ಹಳೆಯ ಮೇಲ್‌ಗಳನ್ನೆಲ್ಲ ಇಳಿಸಿಕೊಳ್ಳಲು ಬಿಡುತ್ತಾರಾ? ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ.

ಬದಲಾವಣೆಗೆ ಮಳೆಗಾಲದ ವಾರದ ದಿನ ಒಳ್ಳೆಯದು. ಡಿಸೆಂಬರ್ ಬೇಡವೇ ಬೇಡ. ಒಂದೆಡೆ ಕ್ರಿಸ್‌ಮಸ್ ಬುಕಿಂಗ್, ಇನ್ನೊಂದೆಡೆ ಕಾಫಿ ಕೊಯ್ಲು. ಹಳೆಯ ಮೇಲ್‌ಗಳನ್ನು ಹೊಸ ಕಡೆಗೆ ನಕಲು ಮಾಡಿಸಿ, ಆಮೇಲೆ ಎಂಎಕ್ಸ್ ರೆಕಾರ್ಡ್ (ನಿಮ್ಮ ಡೊಮೇನ್‌ಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ಬದಲಿಸಿ. ಮೊದಲ ಎರಡು ಮೂರು ದಿನ ಮೇಲ್ ಎರಡೂ ಕಡೆ ಬೀಳಬಹುದು. ಎರಡನ್ನೂ ನೋಡುತ್ತಿರಿ. ಜಿಮೇಲ್ ವಿಳಾಸದಿಂದ ಬರುತ್ತಿರುವವರು ಅದನ್ನು ಮುಚ್ಚಬೇಡಿ, ಹೊಸದಕ್ಕೆ ಫಾರ್ವರ್ಡ್ ಹಾಕಿ. ಬುಕಿಂಗ್ ಸೈಟ್‌ಗಳಲ್ಲಿ, ಬ್ಯಾಂಕಿನಲ್ಲಿ, ಜಿಎಸ್‌ಟಿ ಪೋರ್ಟಲಿನಲ್ಲಿ ವಿಳಾಸ ಬದಲಿಸಿ. ಕಾಫಿಪುಡಿ ಪ್ಯಾಕೆಟ್ಟಿನ ಲೇಬಲ್ಲಿಗೆ ಮುಂದಿನ ಸಲ ಪ್ರಿಂಟ್ ಹಾಕಿಸುವಾಗ ಹೊಸ ವಿಳಾಸ ಕೊಟ್ಟರಾಯಿತು.