ಎಂಜಲಿನಲ್ಲಿ ತೊಳೆದ ಮುಖ

ನನ್ನ ಮೇಜಿಗೆ ಬಂದಾಗ ಆಕೆಯ ಮುಖ ಬೆಲ್ಲದ ಪಾಕ ಬಳಿದಂತಿತ್ತು. ನಾನು ಇಂಗ್ಲೆಂಡಿನಲ್ಲಿ ಹಳೆಯ ತೈಲಚಿತ್ರಗಳನ್ನು ರಿಪೇರಿ ಮಾಡುವವಳು. ಈ ಚಿತ್ರ 30 ಇಂಚು ಎತ್ತರ, 25 ಇಂಚು ಅಗಲ. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಎದೆಮಟ್ಟದ ಭಾವಚಿತ್ರಕ್ಕೆ ಸಿದ್ಧವಾಗಿ ಸಿಗುತ್ತಿದ್ದ ಅಳತೆ. ಸಹಿ ಇಲ್ಲ, ಹೆಸರಿಲ್ಲ. ಬೆನ್ನಿಗೆ ಏನಾದರೂ ಬರೆದಿದ್ದರೂ ಕಾಣುವಂತಿರಲಿಲ್ಲ. ಹಿಂದೆಂದೋ ಯಾರೋ ಹಿಟ್ಟಿನ ಅಂಟು ಹಾಕಿ ಇನ್ನೊಂದು ಕ್ಯಾನ್ವಾಸ್ ಮೆತ್ತಿದ್ದರು.

ಕೋಣೆ ಕತ್ತಲು ಮಾಡಿ ಅಲ್ಟ್ರಾವಯಲೆಟ್ ದೀಪ ಹಿಡಿದೆ. ಹಳೆಯ ರಾಳದ ವಾರ್ನಿಷ್ ಹಸಿರು ಮಂಜಿನ ಹಾಗೆ ಹೊಳೆಯಿತು. ಎದೆಯ ಮೇಲಿನ ಶಾಲು ಮಾತ್ರ ಕಪ್ಪಗೆ ಕಂಡಿತು. ಅದು ವಾರ್ನಿಷ್ ಮೇಲೆ ಆಮೇಲೆ ಬಳಿದದ್ದು. ಯಾರಿಗೋ ಆಕೆಯ ಕೊರಳು ತೆರೆದಿದ್ದದ್ದು ಹಿಡಿಸಿರಲಿಲ್ಲ.

ಹೊಗೆ, ಧೂಳು ತೆಗೆಯಲು ನಾನು ಬಳಸಿದ್ದು ಎಂಜಲು. ತಮಾಷೆಯಲ್ಲ, ನಮ್ಮ ಕಸುಬಿನಲ್ಲಿ ಇದು ನಿತ್ಯದ ಮಾತು. ಬಾಯಿ ಚೆನ್ನಾಗಿ ಮುಕ್ಕಳಿಸಿ, ಕಡ್ಡಿಗೆ ಸುತ್ತಿದ ಹತ್ತಿಯನ್ನು ನಾಲಿಗೆಗೆ ಮುಟ್ಟಿಸಿ, ಚಿತ್ರದ ಮೇಲೆ ಉರುಳಿಸಬೇಕು, ಉಜ್ಜಲೇಬಾರದು. ಎಂಜಲಿನ ಕಿಣ್ವಗಳು ಬರೀ ನೀರಿಗೆ ಬಗ್ಗದ ಕೊಳೆಯನ್ನೂ ಎಬ್ಬಿಸುತ್ತವೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, “ಅಲ್ವೇ, ದೊಡ್ಡ ಮನೆ ಹೆಂಗಸಿನ ಮುಖಕ್ಕೆ ಎಂಜಲು ಹಚ್ತೀಯಾ?” ಅಂದರು. ಹಣೆಯಷ್ಟಕ್ಕೇ ಒಂದು ಬೆಳಗು ಹಿಡಿಯಿತು.

ವಾರ್ನಿಷ್‌ಗೆ ದ್ರಾವಕ ಬೇಕಾಯಿತು. ಅಂಚಿನಲ್ಲಿ ಪರೀಕ್ಷಿಸಿ, ಕೆನ್ನೆ ದಾಟಿ, ತುಟಿಗೆ ಬಂದೆ. ಹತ್ತಿ ಗುಲಾಬಿಗೆ ತಿರುಗಿತು. ಎದೆ ಧಸಕ್ಕೆಂದಿತು. ಅದು ತೆಳುವಾಗಿ ಲೇಪಿಸಿದ ಕೆಂಪು; ದ್ರಾವಕಕ್ಕೂ ಅಂಜುತ್ತದೆ, ಬೆಳಕಿಗೂ ಅಂಜುತ್ತದೆ. ಆ ಶತಮಾನದ ಹೆಸರಾಂತ ಭಾವಚಿತ್ರಕಾರ ಜೋಶುವಾ ರೆನಾಲ್ಡ್ಸ್‌ನಂಥವನ ಚಿತ್ರಗಳಲ್ಲೇ ಈ ಬಗೆಯ ಕೆಂಪು ಹಾರಿಹೋಗಿ ಮುಖಗಳು ಬಿಳಿಚಿಕೊಂಡವು. ಕೈ ಹಿಂದೆಗೆದೆ.

ಶಾಲನ್ನು ಸೂಕ್ಷ್ಮದರ್ಶಕದ ಕೆಳಗೆ, ಚಾಕುವಿನ ತುದಿಯಲ್ಲಿ ಚೂರುಚೂರಾಗಿ ಬಿಡಿಸಿದೆ. ಅಡಿಯಲ್ಲಿ ನೀಲಿ ಸ್ಯಾಟಿನ್, ಅಂಚಿಗೆ ಮುತ್ತಿನ ಸಾಲು. ಬಟ್ಟೆ ಬರೆದ ಕೈ ಮುಖ ಬರೆದ ಕೈಗಿಂತ ಚುರುಕು! ಆಗ ಅದು ಮಾಮೂಲಿ. ಮುಖ ಒಬ್ಬ, ರೇಷ್ಮೆ ಇನ್ನೊಬ್ಬ. 1749ರಲ್ಲಿ ತೀರಿಕೊಂಡ ಜೋಸೆಫ್ ವಾನ್ ಆಕೆನ್ ಹೀಗೆ ಭಾವಚಿತ್ರಕಾರರಾದ ಥಾಮಸ್ ಹಡ್ಸನ್, ಅಲನ್ ರಾಮ್ಸೆ ಇಬ್ಬರಿಗೂ ಬಟ್ಟೆ ಬರೆದುಕೊಡುತ್ತಿದ್ದ. ಹಾಗಾಗಿ ಒಂದೇ ಗೌನು ಹತ್ತಾರು ಹೆಂಗಸರ ಮೈಮೇಲೆ ಸಿಗುತ್ತದೆ. ನಾನೂ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ದಾಖಲೆ ಕೋಣೆಯಲ್ಲಿ ಎರಡು ದಿನ ಫೋಟೋ ತಿರುವಿದೆ. ಅದೇ ಮುತ್ತು, ಅದೇ ಮಡಿಕೆ ಸಿಕ್ಕವು. ಮುಖ ಮಾತ್ರ ಬೇರೆಯವರದು.

ಮಾಲೀಕರಿಗೆ ಹೆಸರು ಬೇಕಿತ್ತು. ವಂಶವೃಕ್ಷದಲ್ಲಿ ಒಬ್ಬ ಲೇಡಿಯನ್ನು ಹುಡುಕಿಯೂ ಇಟ್ಟಿದ್ದರು. ನಾನು ಒಪ್ಪಲಿಲ್ಲ. ಆಕೆಯ ಕೂದಲು ತಲೆಗೆ ಅಂಟಿಕೊಂಡಂತಿದೆ, 1770ರ ದಶಕದಲ್ಲಿ ಹೆಂಗಸರು ಗೋಪುರದ ಹಾಗೆ ಎತ್ತಿ ಕಟ್ಟುತ್ತಿದ್ದ ಕೂದಲಿನ ಸುಳಿವೇ ಇಲ್ಲ. ಅವರ ಲೇಡಿ ಹುಟ್ಟಿದ್ದೇ 1758ರಲ್ಲಿ. ಚೀಟಿಯಲ್ಲಿ “ಅಪರಿಚಿತ ಮಹಿಳೆ, ಸುಮಾರು 1750” ಎಂದು ಬರೆದುಕೊಟ್ಟೆ.

ತುಟಿಯ ಮೇಲೆ ಹಳೆಯ ವಾರ್ನಿಷ್ ಒಂದು ಪದರ ಹಾಗೇ ಉಳಿಸಿದ್ದೇನೆ. ತೀರಾ ಹತ್ತಿರ ನಿಂತು ನೋಡಿದರೆ ಅಲ್ಲಿ ಕೊಂಚ ಹಳದಿ ಕಾಣುತ್ತದೆ.